ಫ್ರೇಮ್ ಕೊಯ್ಯದೆ ಕಟ್ಟಿದ ಯೆಜ್ಡಿ

ಮನೆ ಮುಂದಿನ ಶೆಡ್ಡನ್ನು ಅಪ್ಪ ಕಟ್ಟಿಸಿದ್ದು ಕಾರಿಗೆಂದು. 8 ಅಡಿ ಅಗಲ, 14 ಅಡಿ ಉದ್ದ. ಕಾರು ಬರಲಿಲ್ಲ. ತೆಂಗಿನಕಾಯಿ ಬಂತು, ಅಕ್ಕನ ಮದುವೆಗೆ ತಂದ ಕುರ್ಚಿಗಳು ಬಂದವು, ಆಮೇಲೆ ಒಂದು ಯೆಜ್ಡಿ ಬೈಕು ಬಂತು. ಗುಬ್ಬಿ ಕಡೆ ಒಂದು ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ಮೂರು ವರ್ಷದಿಂದ ನಿಂತಿದ್ದ ಗಾಡಿ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. 22 ಸಾವಿರಕ್ಕೆ ಮಾತಾಯಿತು.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಗಾಡಿಗಿಂತ ಮೊದಲು ಕಾಗದ ನೋಡಿದೆ. ಚಾಸಿಸ್ ನಂಬರ್ ಮೇಲೆ ತೆಳು ಹಾಳೆ ಇಟ್ಟು, ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿದೆ. ಇಂಜಿನ್ ನಂಬರೂ ಸರಿ ಬಂತು. 1991ರ ಮಾಡೆಲ್, ಕೆಎ 06, ಬಣ್ಣ ಮರೂನ್. 15 ವರ್ಷ ದಾಟಿದ ಗಾಡಿಗೆ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಪುಣ್ಯಕ್ಕೆ ಅದರಲ್ಲಿ ಇನ್ನೂ ಎರಡು ವರ್ಷ ಉಳಿದಿತ್ತು.

ಕಾಗದದ ವಿಷಯವನ್ನೇ ಮೊದಲು ಹೇಳಲು ಕಾರಣ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿ ಹೇಳಿತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಆದ್ದರಿಂದ ಶುರುವಿಗೇ ಒಂದು ನೇಮ ಮಾಡಿಕೊಂಡೆ. ಫ್ರೇಮಿಗೆ ಗ್ರೈಂಡರ್ ತಾಗಿಸಬಾರದು. ವೆಲ್ಡಿಂಗ್ ಬೇಡ. ಹಾಕಿದ್ದೆಲ್ಲ ಇರುವ ತೂತುಗಳಿಗೇ ಬೋಲ್ಟಿನಲ್ಲಿ ಕೂರಬೇಕು, ಬೇಡವೆಂದರೆ ಒಂದು ಭಾನುವಾರದಲ್ಲಿ ಹಳೇ ಯೆಜ್ಡಿ ಮತ್ತೆ ನಿಲ್ಲಬೇಕು. ಬಣ್ಣ ಮರೂನೇ.

ಈ ನೇಮ ಕೇಳಿ ಶಿರಾ ಗೇಟ್ ಕಡೆಯ ಒಬ್ಬ ಫ್ಯಾಬ್ರಿಕೇಟರ್ ಹುಡುಗ ನಕ್ಕ. “ಸಾರ್, ಹಿಂದ್ಗಡೆ ಕಟ್ ಮಾಡಿ ಒಂದ್ ಲೂಪ್ ವೆಲ್ಡ್ ಹೊಡೆದ್ರೆ ಲುಕ್ಕೇ ಬೇರೆ. ಒಂದೂವರೆ ಗಂಟೆ ಕೆಲಸ” ಅಂದ. ನಿಜವೇ. ಒಂದೂವರೆ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ನಾನು ಮೂರು ತಿಂಗಳು ತಗೊಂಡೆ.

ಯೆಜ್ಡಿ ಯಾಕೆ ಅಂತ ಎಲ್ಲರೂ ಕೇಳಿದರು. ಆರ್‌ಎಕ್ಸ್ 100 ಆದರೆ ಬಿಡಿಭಾಗ ಸಲೀಸು, ಬುಲೆಟ್ ಆದರೆ ಮರ್ಯಾದೆ ಅಂತ ಅವರ ಲೆಕ್ಕ. ನನಗೆ ಇದು ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಮತ್ತೆ ಬಂದ ಹೊಸ ಯೆಜ್ಡಿ ಬೇರೆಯೇ ಗಾಡಿ. ಹಳೆಯದರ ಇಂಜಿನ್ ಎರಡು ಸ್ಟ್ರೋಕಿನದು, ಒಂದೇ ಸಿಲಿಂಡರು, 65 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ), ಆದರೆ ಹೊಗೆಗೆ ಎರಡು ದಾರಿ, ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಮನೆಯಲ್ಲಿ ಬಿಚ್ಚಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗುವುದಿಲ್ಲ.

ಆಸೆ ಇದ್ದದ್ದು ಕೆಫೆ ರೇಸರ್ ಮಾಡಲು. ತಗ್ಗಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಮುಂದಕ್ಕೆ ಬಾಗಿ ಕೂರುವುದು. ಯೆಜ್ಡಿ ಇದಕ್ಕೆ ಒಪ್ಪಲಿಲ್ಲ. ಈ ಗಾಡಿಯಲ್ಲಿ ಗೇರ್ ಲಿವರ್ರೂ ಕಿಕ್ಕರ್ರೂ ಒಂದೇ, ಎಡಗಾಲಿನ ಕಡೆ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಎದ್ದ ಮೇಲೆ ಮುಂದಕ್ಕೆ ತಂದರೆ ಗೇರ್. ಫುಟ್‌ರೆಸ್ಟ್ ಹಿಂದಕ್ಕೆ ಹೋದರೆ ಕಾಲಿಗೆ ಗೇರ್ ಸಿಗಲು ಲಿಂಕ್ ಕಡ್ಡಿ ಬೇಕು. ಆ ಕಡ್ಡಿ ಗೇರ್ ಹಾಕಬಹುದು, ಕಿಕ್ಕಿನ ಹೊಡೆತ ತಾಳುತ್ತದೆಯೇ? ಸುಮ್ನೆ ತಲೆ ಕೆಡಿಸಿಕೊಂಡು ಹತ್ತು ಚಿತ್ರ ಬರೆದೆ. ಆಗಲ್ಲ ಅಂತ ಗೊತ್ತಾಯಿತು.

ಫುಟ್‌ರೆಸ್ಟ್ ಇದ್ದಲ್ಲೇ ಇರಲಿ, ಹ್ಯಾಂಡಲ್ ಮಾತ್ರ ತಗ್ಗಿಸೋಣ ಅಂದುಕೊಂಡೆ. ಹ್ಯಾಂಡಲ್ ಕೊಳ್ಳುವ ಮೊದಲು ಅದೇ ಎತ್ತರಕ್ಕೆ ಒಂದು ಪೊರಕೆ ಕೋಲು ಕಟ್ಟಿದೆ. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಬಾಗಿ ಕೂತು, ಟ್ಯಾಂಕ್ ಮೇಲೆ ಉತ್ತರ ಪತ್ರಿಕೆ ಇಟ್ಟು ತಿದ್ದಲು ಶುರುಮಾಡಿದೆ. ಹತ್ತನೇ ಪತ್ರಿಕೆಗೆ ಸೊಂಟ ತನ್ನ ಅಭಿಪ್ರಾಯ ಹೇಳಿತು. ಕಾಲು ಮುಂದೆ, ಕೈ ಕೆಳಗೆ, ನಡುವೆ ನಾನು ಮಡಿಚಿದ ಚಾಕುವಿನ ಹಾಗೆ. ಪೊರಕೆ ಕೋಲಿನ ಖರ್ಚಿನಲ್ಲಿ ಕೆಫೆ ರೇಸರ್ ಮುಗಿಯಿತು. ನೇರ ಹ್ಯಾಂಡಲ್, ಗಿಡ್ಡ ಸೀಟು, ಗಿಡ್ಡ ಮಡ್‌ಗಾರ್ಡ್, ಇಷ್ಟೇ ಸಾಕು ಅಂತ ತೀರ್ಮಾನಿಸಿದೆ.

ಸೀಟಿಗೆ ಸ್ಕೂಲಿನ ಹಳೇ ಚಾರ್ಟ್ ಹಾಳೆಯ ರಟ್ಟಿನಲ್ಲಿ ನಾಲ್ಕು ಮಾದರಿ ಕತ್ತರಿಸಿದೆ. ನಾಲ್ಕನೆಯದು ಹಳೇ ಸೀಟಿನ ತೂತುಗಳಿಗೆ ಸರಿಯಾಗಿ ಕೂತಿತು. ಅದನ್ನು 18 ಗೇಜ್ ತಗಡಿನಲ್ಲಿ ಬಡಿಸಿ, ಸ್ಪಂಜು ಹಾಕಿ, ರೆಕ್ಸಿನ್ ಹೊಲಿಸಿದೆ. ನೋಡಲು ಚೆನ್ನಾಗಿರಲಿ ಅಂತ ಸ್ಪಂಜು ಎರಡೇ ಇಂಚು ಇಡಿಸಿದ್ದೆ. ಬಿ.ಎಚ್. ರಸ್ತೆಯ ಮೂರನೇ ಹಂಪಿನಲ್ಲಿ ತಗಡು ಸಿಕ್ಕಿತು. ಈಗ ಮೂರೂವರೆ ಇಂಚು ಇದೆ.

ಪೌಡರ್ ಕೋಟಿಂಗ್‌ಗೆ ಕೊಡುವಾಗ ಚಾಸಿಸ್ ನಂಬರ್ ಇರುವ ಜಾಗಕ್ಕೆ ಟೇಪು ಸುತ್ತಿ, ಅಲ್ಲಿ ಮರಳು ಹೊಡೆಯಬೇಡಿ ಅಂತ ನಾಲ್ಕು ಸಲ ಹೇಳಿದೆ. ನಂಬರ್ ಸವೆದರೆ ಗಾಡಿ ಇದ್ದೂ ಇಲ್ಲದ ಹಾಗೆ. ಅದನ್ನು ಉಳಿಸಿಕೊಂಡೆ, ಅರ್ತಿಂಗ್ ಮರೆತೆ. ವೈರಿಂಗ್ ಎಲ್ಲ ಹೊಸದಾಗಿ ಎಳೆದು ಕೀಲಿ ತಿರುಗಿಸಿದರೆ ಹಾರ್ನ್ ಇಲ್ಲ, ಲೈಟ್ ಇಲ್ಲ. ಎರಡು ಸಂಜೆ ಮೀಟರ್ ಹಿಡಿದು ಹುಡುಕಿದೆ. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ ಪದರ, ಅದು ಕರೆಂಟ್ ಬಿಡುವುದಿಲ್ಲ. ಅರ್ತ್ ಬೋಲ್ಟಿನ ಕೆಳಗೆ ಒಂದು ರೂಪಾಯಿ ಅಗಲ ಬಣ್ಣ ಕೆರೆದ ಕೂಡಲೇ ಎಲ್ಲವೂ ಹತ್ತಿಕೊಂಡಿತು. 6 ವೋಲ್ಟಿನ ಹಳೇ ಏರ್ಪಾಟನ್ನು 12ಕ್ಕೆ ಬದಲಿಸಿದ್ದೇನೆ: ಬ್ಯಾಟರಿ, ಇಗ್ನಿಷನ್ ಕಾಯಿಲ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಡೈನಮೋ ಅದೇ. ಐಡ್ಲಿಂಗಿನಲ್ಲಿ ಚಾರ್ಜ್ ಆಗುವುದಿಲ್ಲ, ಓಡಿಸಿದರೆ ಮಾತ್ರ. ಊರೊಳಗೆ ಜಾಸ್ತಿ ಸುತ್ತುವವರಿಗೆ ಇದು ತಲೆನೋವು. ಫ್ಯೂಸ್ ಒಂದನ್ನು ಮಾತ್ರ ಯಾರೂ ಬಿಡಬಾರದು, ಪೆಟ್ರೋಲ್ ಟ್ಯಾಂಕಿನ ಕೆಳಗೇ ವೈರು ಹೋಗುತ್ತದಲ್ವಾ.

ಟ್ಯಾಂಕಿನೊಳಗೆ ತುಕ್ಕು ಇತ್ತು. ಅಮ್ಮ “ಹುಣಸೆಹುಳಿ ಹಾಕೋ, ಹಿತ್ತಾಳೆ ಬಿಂದಿಗೆ ಹೊಳೆಯಲ್ವಾ” ಅಂದರು. ತುಮಕೂರಿನವರಿಗೆ ಹುಣಸೆಹಣ್ಣಿಗೇನು ಬರ. ಹಾಕಿದೆ. ತುಕ್ಕು ಸ್ವಲ್ಪ ಬಿಟ್ಟಿತು, ನಾರು ಪೆಟ್ರೋಲ್ ಟ್ಯಾಪಿನಲ್ಲಿ ಕೂತಿತು. ಆಮೇಲೆ ವಿನಿಗರ್ ತುಂಬಿ, ಒಂದು ಹಿಡಿ ನಟ್ಟು ಹಾಕಿ, ಮೂರು ದಿನ ಆಗಾಗ ಕುಲುಕಿದೆ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಆಡಿಸಿದೆ. ಒಂದು ರಾತ್ರಿ ಬಿಟ್ಟರೂ ತುಕ್ಕು ಮತ್ತೆ ಬರುತ್ತದೆ.

ಆ ವರ್ಷದ ಆಯುಧಪೂಜೆಗೆ ಗಾಡಿ ನಿಲ್ಲಲೇ ಇಲ್ಲ. ಮಣೆಯ ಮೇಲೆ ಇಂಜಿನ್ ಒಂದನ್ನೇ ಇಟ್ಟು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದೆವು.

ಇನ್ನು ಇಂಜಿನ್. ಸಿಲಿಂಡರ್ ಸವೆದಿತ್ತು. ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ತಂದು, ಊರಿನ ಒಂದು ಅಂಗಡಿಯಲ್ಲಿ ಬೋರ್ ಮಾಡಿಸಿದೆ. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಹೊಸದು. ಕಾರ್ಬ್ಯುರೇಟರ್ ಮಿಕುನಿ ಕಂಪನಿಯದು. ಪ್ಲಗ್ಗಿನ ಕಿಡಿಗೆ ಸಮಯ ಕೊಡುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಆರನೇ ಕಿಕ್ಕಿಗೆ ಎದ್ದಿತು. ಶೆಡ್ಡಿನ ತುಂಬ ಹೊಗೆ, ಪಕ್ಕದ ಮನೆಯವರು ಬೆಂಕಿ ಬಿತ್ತು ಅಂತ ಓಡಿಬಂದರು. ಒಂದು ವಾರ ಕ್ಯಾತ್ಸಂದ್ರದವರೆಗೆ ತಟ್ಟೆ ಇಡ್ಲಿಗೆ ಹೋಗಿಬಂದೆ, ಏನೂ ತೊಂದರೆ ಇಲ್ಲ. ಧೈರ್ಯ ಬಂತು. ಭಾನುವಾರ ಬೆಳಿಗ್ಗೆ ದೇವರಾಯನದುರ್ಗಕ್ಕೆ ಬಿಟ್ಟೆ.

ಬೆಟ್ಟದ ಬುಡದವರೆಗೆ ಸೊಗಸು. ಏರಿನಲ್ಲಿ ಎರಡನೇ ಗೇರ್, ಆಕ್ಸಿಲರೇಟರ್ ಕೈ ಪೂರ್ತಿ ತಿರುಗಿಸಿದ್ದೆ. ಶಬ್ದ ಬದಲಾಯಿತು. ಮೊದಲು ಗಾಡಿ ಭಾರ ಎಳೆದ ಹಾಗೆ ಸೋತಿತು, ಆಮೇಲೆ ತಗಡು ಹರಿದ ಹಾಗೆ ಒಂದು ಕಿರ್ ಸದ್ದು. ಎರಡು ಸ್ಟ್ರೋಕ್ ಗಾಡಿ ಓಡಿಸಿದ ಹಳಬರು ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಟಿರುತ್ತಾರೆ. ನಾನೂ ಇಟ್ಟಿದ್ದೆ. ಹಿಡಿದೆ, ಹಿಂದಿನ ಚಕ್ರ ಕಚ್ಚಿಕೊಳ್ಳಲಿಲ್ಲ, ಬದಿಗೆ ತಂದು ನಿಲ್ಲಿಸಿದೆ. ಇಂಜಿನ್ ಸೀಜ್ ಆಗಿತ್ತು, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡಿತ್ತು. ಕಿಕ್ಕರ್ ಕಲ್ಲಿನ ಹಾಗೆ ನಿಂತಿತ್ತು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆ. ಅಷ್ಟರಲ್ಲಿ ಕೋತಿಗಳು ಬಾಳೆಹಣ್ಣಿನ ಚೀಲ ಒಯ್ದವು. ಲಿವರ್ ಸಡಿಲವಾದ ಮೇಲೆ ಪ್ಲಗ್ ಬಿಚ್ಚಿ ನೋಡಿದೆ. ಹುರಿದ ಕಾಫಿ ಪುಡಿ ಬಣ್ಣ ಇರಬೇಕಾದದ್ದು ಸುಣ್ಣದ ಹಾಗೆ ಬೆಳ್ಳಗಿತ್ತು. ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದು, ಆಮೇಲೆ ಮೆಲ್ಲಗೆ ಮನೆ ಸೇರಿದೆ.

ಸಿಲಿಂಡರ್ ಬಿಚ್ಚಿ ಅಂತರಸನಹಳ್ಳಿ ಹತ್ತಿರ ಲೇತ್ ಇಟ್ಟುಕೊಂಡಿರುವ ಒಬ್ಬ ಹಿರಿಯರ ಬಳಿ ಹೋದೆ. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕೈಯಲ್ಲಿ ಪಿಸ್ಟನ್ ತಿರುಗಿಸಿ ನೋಡಿ, ಮಾತಾಡದೆ ಬೋರ್ ಗೇಜ್ ಇಳಿಸಿದರು. “ಮೇಷ್ಟ್ರೇ, ಇಲ್ಲಿ ಎರಡು ಕಾಯಿಲೆ ಇದೆ” ಅಂದರು. ಒಂದು, ಪಿಸ್ಟನ್ನಿಗೂ ಗೋಡೆಗೂ ಒಂದೂವರೆ ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಜಾಗವೂ ಇರಲಿಲ್ಲ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಉಬ್ಬುವಷ್ಟು ಬೀಡು ಕಬ್ಬಿಣದ ಸಿಲಿಂಡರ್ ಉಬ್ಬುವುದಿಲ್ಲ. ನನ್ನ ಪಿಸ್ಟನ್ನಿನ ಸುತ್ತ ನಾಲ್ಕು ಕಡೆಯೂ ಉಜ್ಜಿದ ಗುರುತು ಇದ್ದದ್ದು ಅದಕ್ಕೆ. ಎರಡು, ಹೊಗೆ ಹೋಗುವ ಕಡೆ ಉದ್ದಕ್ಕೆ ಆಳವಾದ ಗೀರು. “ಇದು ಬೋರಿನವರ ತಪ್ಪಲ್ಲ, ನಿಮ್ಮದು. ಎಲ್ಲೋ ಗಾಳಿ ಎಳೀತಿದೆ.”

ಅವರು ಹೋನಿಂಗ್ ಮಾಡಿ, ಅಂದರೆ ಸಿಲಿಂಡರಿನ ಒಳಗೋಡೆ ನಯವಾಗಿ ಉಜ್ಜಿ, ಮೂರು ಥೌ ಜಾಗ ಮಾಡಿಕೊಟ್ಟರು. ಮನೆಗೆ ಬಂದು ಜೋಡಿಸಿ, ಐಡ್ಲಿಂಗಿನಲ್ಲಿ ಕಾರ್ಬ್ಯುರೇಟರ್ ಬುಡದ ಸುತ್ತ ಡಬ್ಲ್ಯೂಡಿ 40 ಸ್ಪ್ರೇ ಹೊಡೆದೆ. ಒಂದು ಕಡೆ ಹೊಡೆದಾಗ ಇಂಜಿನ್ ಸದ್ದು ತಟ್ಟನೆ ಬದಲಾಯಿತು. ಸಿಕ್ಕಿತು. ಕಾರ್ಬ್ಯುರೇಟರನ್ನು ಇಂಜಿನ್ನಿಗೆ ಕೂರಿಸುವ ಚಪ್ಪಟೆ ಅಂಚು, ಫ್ಲ್ಯಾಂಜ್, ಬಗ್ಗಿತ್ತು. ಬಿಗಿಯಾಗಲಿ ಅಂತ ನಾನೇ ಎರಡು ನಟ್ಟನ್ನು ಜಾಸ್ತಿ ತಿರುಗಿಸಿ ಬಗ್ಗಿಸಿದ್ದು. ಆ ಸಂದಿಯಿಂದ ಗಾಳಿ ನುಗ್ಗಿದಷ್ಟೂ ಪೆಟ್ರೋಲಿನ ಪಾಲು ಕಡಿಮೆ, ಅದರಲ್ಲೇ ಬೆರೆತು ಬರುವ, ಎರಡು ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲೂ ಕಡಿಮೆ. ಬೆಂಕಿ ಜಾಸ್ತಿ, ಎಣ್ಣೆ ಕಮ್ಮಿ. ಊರೊಳಗೆ ಅರ್ಧ ಕೈಯಲ್ಲಿ ಓಡಿಸುವಾಗ ತಡೆದುಕೊಂಡಿತು, ಏರಿನಲ್ಲಿ ಕೈಕೊಟ್ಟಿತು. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿಗೆ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತು) ಮಿಶ್ರಣ ಇನ್ನಷ್ಟು ಸಪ್ಪೆಯಾಗುತ್ತದೆ. ಮೂರೂ ಸೇರಿ ನನ್ನ ಪಿಸ್ಟನ್ ತಿಂದವು.

ಕಿಟಕಿ ಗಾಜಿನ ಮೇಲೆ 400 ನಂಬರ್ ಸ್ಯಾಂಡ್‌ಪೇಪರ್ ಹಾಸಿ, ಸೀಮೆಎಣ್ಣೆ ಸವರಿ, ಫ್ಲ್ಯಾಂಜನ್ನು ಎಂಟಂಕಿ ಆಕಾರದಲ್ಲಿ ಉಜ್ಜಿದೆ. ಒಂದು ಗಂಟೆಗೆ ಸಮ ಆಯಿತು. ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟನ್ನು ಒಂದಿಷ್ಟು ಅದು, ಒಂದಿಷ್ಟು ಇದು ಅಂತ ಸರದಿಯಲ್ಲಿ ಬಿಗಿದೆ. ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿದೆ. ಮೊದಲ 500 ಕಿ.ಮೀ. ಲೀಟರಿಗೆ 40 ಮಿ.ಲೀ. ಆಯಿಲ್, ಆಮೇಲೆ 30. ಎಲ್ಲೂ ಒಂದೇ ಸಮನೆ ಕೈ ತಿರುಗಿಸಲಿಲ್ಲ.

ಚಿಕ್ಕದೊಂದು ಉಳಿಯಿತು. ಹ್ಯಾಂಡಲ್ ಬದಲಿಸಿದ ಮೇಲೆ ನಿಂತಲ್ಲೇ ಎಡಕ್ಕೆ ಪೂರ್ತಿ ತಿರುಗಿಸಿದರೆ ಇಂಜಿನ್ ತಾನೇ ರೇಸ್ ಆಗುತ್ತಿತ್ತು. ಆಕ್ಸಿಲರೇಟರ್ ಕೇಬಲ್ ಟ್ಯಾಂಕಿನ ಅಡಿ ಸಿಕ್ಕಿ ಎಳೆದುಕೊಳ್ಳುತ್ತಿತ್ತು. ಯೂ ಟರ್ನಿನಲ್ಲಿ ಹೀಗಾದರೆ ನೇರ ಚರಂಡಿಗೆ. ಕೇಬಲ್ ದಾರಿ ಬದಲಿಸಿದೆ. ಹ್ಯಾಂಡಲ್ ಬದಲಿಸಿದವರು ರಸ್ತೆಗೆ ಇಳಿಯುವ ಮೊದಲು ಎರಡೂ ಕಡೆ ತಿರುಗಿಸಿ ನೋಡಿ.

ಸೈಲೆನ್ಸರ್ ಎರಡೂ ಹಳೆಯವೇ. ಒಳಗಿನ ಸದ್ದು ತಡೆಯುವ ಬ್ಯಾಫಲ್ ಕಿತ್ತು ಸದ್ದು ಮಾಡಿಸು ಅಂತ ಹುಡುಗರು ಗೋಗರೆದರು. ಎರಡು ಸ್ಟ್ರೋಕಿನಲ್ಲಿ ಹೊಗೆ ದಾರಿಯ ಒತ್ತಡವೂ ಇಂಜಿನ್ ಲೆಕ್ಕದಲ್ಲಿ ಸೇರಿದೆ. ಕಿತ್ತರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಕರಿ ಕೆರೆದು ವಾಪಸ್ ಹಾಕಿದೆ.

ಗಾಡಿಯ ಬೆಲೆ ಬಿಟ್ಟು 64 ಸಾವಿರ ಆಯಿತು. ಅದರಲ್ಲಿ ಕಣ್ಣಿಗೆ ಕಾಣುವ ಕೆಲಸಕ್ಕೆ ಹೋದದ್ದು 20 ಸಾವಿರವೂ ಇಲ್ಲ. ಹಳೇ ಸೀಟು, ಮಡ್‌ಗಾರ್ಡ್, ಹ್ಯಾಂಡಲ್ಲಿಗೆ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದೇನೆ. ಹೋದ ತಿಂಗಳು ಅದೇ ಫ್ಯಾಬ್ರಿಕೇಟರ್ ಹುಡುಗ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಬಗ್ಗಿ ಸೀಟಿನ ಅಡಿ ನೋಡಿದ. “ವೆಲ್ಡೇ ಇಲ್ವಲ್ಲಾ ಸಾರ್” ಅಂದ. ಆಮೇಲೆ ಹಿಂದಿನ ಮಡ್‌ಗಾರ್ಡ್ ಬೋಲ್ಟ್ ಒಂದನ್ನು ಬೆರಳಲ್ಲಿ ತಿರುಗಿಸಿ ತೋರಿಸಿದ. ಸಡಿಲವಾಗಿತ್ತು. ಸ್ಪ್ರಿಂಗ್ ವಾಷರ್ ಹಾಕಲು ಮರೆತಿದ್ದೆ.