ಬಿಲ್ ಇಲ್ಲದ ಕಾರುಗಳು: ನಮ್ಮ ಗ್ಯಾರೇಜಿನ ಚರಿತ್ರೆಯನ್ನು ನಾನು ಹೀಗೆ ಬರೆದೆ

ಅಜ್ಜ, ಅಪ್ಪ, ನಾನು, ಮೂವರೂ ಒಂದೇ ಗ್ಯಾರೇಜಿನಲ್ಲಿ ಗಿರಾಕಿಗಳ ಗಾಡಿ ರಿಪೇರಿ ಮಾಡಿ ಬದುಕಿದವರು. ಬಿಡುವಿದ್ದಾಗ ಮೂವರೂ ಸ್ವಂತಕ್ಕೆಂದು ಒಂದೊಂದು ಕಾರನ್ನು ಕೈಯಾರೆ ಕಟ್ಟಿದ್ದೇವೆ. ಇದರ ಚರಿತ್ರೆ ಬರೆದಿಡಬೇಕೆಂದು ಹೊರಟಾಗ ಕಾಗದದಲ್ಲಿ ಸಿಕ್ಕಿದ್ದು ಅತ್ಯಲ್ಪ. ಗಿರಾಕಿಯ ಕೆಲಸಕ್ಕೆ ಬಿಲ್ ಇರುತ್ತದೆ, ಸ್ವಂತ ಕಾರಿಗೆ ಯಾರು ಬಿಲ್ ಬರೆಯುತ್ತಾರೆ? ಆದರೂ ಅಮ್ಮ ಇಟ್ಟಿದ್ದ ಲೆಕ್ಕದ ಪುಸ್ತಕಗಳು ಒಂದು ದಾರಿ ತೋರಿಸಿದವು. ಗಿರಾಕಿಯ ಹೆಸರಿಲ್ಲದೆ ವೆಲ್ಡಿಂಗ್ ರಾಡು, ಕಬ್ಬಿಣದ ಪೈಪು, ಗ್ಯಾಸಿನ ಖರ್ಚು ಏರಿದ ತಿಂಗಳುಗಳನ್ನು ಗುರುತು ಹಾಕುತ್ತ ಹೋದೆ. ಅಪ್ಪನ ಕಾರು ಮೈದಳೆದ ಕಾಲ ಆ ಸಾಲುಗಳಲ್ಲೇ ಇತ್ತು. ಉಳಿದದ್ದನ್ನೆಲ್ಲ ಕಾರುಗಳಿಂದಲೇ ಓದಬೇಕಾಯಿತು.

ಓದುವುದಕ್ಕೆ ನಾನು ಇಟ್ಟುಕೊಂಡ ಮೊದಲ ನಿಯಮ: ತೊಳೆಯಬಾರದು. ಹಳೆಯ ಕಾರು ಕೈಗೆ ಬಂದ ಕೂಡಲೇ ಗ್ರೀಸು ಒರೆಸಿ, ಬಣ್ಣ ಕೆರೆದು, ಪಾಲಿಶ್ ಹೊಡೆಯುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ಆದರೆ ಯಾವ ಬೋಲ್ಟನ್ನು ಪದೇ ಪದೇ ಬಿಚ್ಚಿದ್ದಾರೆ, ಯಾವುದನ್ನು ಮುಟ್ಟಿಯೇ ಇಲ್ಲ ಎಂಬುದನ್ನು ಹೇಳುವುದು ಆ ಕೊಳೆಯೇ. ಹಾಗಾಗಿ ಬಿಚ್ಚುವ ಮೊದಲು ಪ್ರತಿ ಜಾಗದ ಫೋಟೋ ತೆಗೆದೆ. ಸೀಟಿನ ಅಡಿಯ ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಉಪ್ಪುಕಾಗದದಿಂದ ಬಣ್ಣವನ್ನು ಉಂಗುರ ಉಂಗುರವಾಗಿ ಉಜ್ಜಿದೆ. ಒಂದರ ಕೆಳಗೊಂದು ಬಣ್ಣದ ಪದರ, ತಳದಲ್ಲಿ ಪ್ರೈಮರ್, ಎಲ್ಲವೂ ಬಯಲಾದವು. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಕಾರ್ಬುರೇಟರ್‌ಗಳ ಮೇಲಿನ ಎರಕದ ಅಂಕಿಗಳನ್ನು ಬರೆದುಕೊಂಡೆ. ಇಲ್ಲಿ ಒಂದು ಎಚ್ಚರ ಬೇಕು. ಆ ಅಂಕಿಗಳಿಂದ ತಿಳಿಯುವುದು ಬಿಡಿಭಾಗ ತಯಾರಾದ ಕಾಲವೇ ಹೊರತು ಕಾರು ಕಟ್ಟಿದ ಕಾಲವಲ್ಲ. ಗುಜರಿಯಿಂದ ತಂದ ಭಾಗ ಅದಕ್ಕೂ ಎಷ್ಟೋ ವರ್ಷ ಹಳೆಯದಿರಬಹುದು. ‘ಇದಕ್ಕಿಂತ ಮುಂಚೆ ಕಟ್ಟಿರಲು ಸಾಧ್ಯವಿಲ್ಲ’ ಎನ್ನುವಷ್ಟನ್ನು ಮಾತ್ರ ಅದರಿಂದ ಹೇಳಬಹುದು.

ಅಜ್ಜನ ಕಾರಿನಲ್ಲಿ ಬೈಕಿನ ಎಂಜಿನ್ ಚಾಲಕನ ಬೆನ್ನ ಹಿಂದೆ ಕೂತಿದೆ. ನೋಡಿದವರೆಲ್ಲ ಅದನ್ನು ರೇಸಿನ ಶೋಕಿ ಎಂದುಕೊಂಡಿದ್ದರು. ಕಾರಣ ಅದಲ್ಲ. ಬೈಕಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗಂಟು, ಬಲ ಹೊರಬರುವುದು ಪಕ್ಕದ ಸ್ಪ್ರಾಕೆಟ್ಟಿನಿಂದ, ಅಂದರೆ ಚೈನು ಕೂರುವ ಹಲ್ಲಿನ ಚಕ್ರದಿಂದ. ಅದನ್ನು ಹಿಂದಿನ ಆಕ್ಸಲ್ ಹತ್ತಿರ ಇಟ್ಟರೆ ಒಂದು ಚೈನು ಹಾಕಿ ಕೆಲಸ ಮುಗಿಸಬಹುದು. ಮುಂದೆ ಇಟ್ಟರೆ ತಿರುಗುವ ದಿಕ್ಕನ್ನು ಬದಲಿಸುವ ಗೇರು ಬೇಕು, ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬೇಕು, ಅದು ಹಾದುಹೋಗಲು ಚಾಲಕನ ಪಕ್ಕದಲ್ಲಿ ಜಾಗ ಬೇಕು. ಸಣ್ಣ ಗ್ಯಾರೇಜಿನವನು ಕೈಲಿರುವ ಸಾಮಾನಿಗೆ ತಕ್ಕಂತೆ ಯೋಚಿಸುತ್ತಾನೆ.

ಹೀಗೆ ಯೋಚಿಸಿದ ಅತಿ ಪ್ರಸಿದ್ಧ ಕುಟುಂಬವೆಂದರೆ ಇಂಗ್ಲೆಂಡಿನ ಸರ್ಬಿಟನ್‌ನ ಕೂಪರ್ ಕುಟುಂಬ. ಚಾರ್ಲ್ಸ್ ಕೂಪರ್ ಗ್ಯಾರೇಜ್ ನಡೆಸುತ್ತಿದ್ದವರು. 1946ರಲ್ಲಿ ಮಗ ಜಾನ್ ಜೊತೆ ಸೇರಿ, ಎರಡು ಫಿಯಟ್ ಟೊಪೊಲಿನೊ ಕಾರುಗಳ ಮುಂಭಾಗದ ಸಸ್ಪೆನ್ಷನ್ ತೆಗೆದು, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಜೋಡಿಸಿ, ಜೆಎಪಿ ಎಂಬ ಕಂಪನಿಯ 500 ಸಿಸಿಯ ಬೈಕ್ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿ ಚೈನು ಹಾಕಿದರು. ಅನುಕೂಲಕ್ಕೆಂದು ಮಾಡಿದ ಆ ಏರ್ಪಾಡು ಬೆಳೆಯುತ್ತ ಹೋಗಿ, 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್ ಕಾರಿನಲ್ಲೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಕಾರಿನ ಮುಂಭಾಗದಲ್ಲಿ ಎಂಜಿನ್ ಇಡುತ್ತಿದ್ದ ದೊಡ್ಡ ಕಂಪನಿಗಳೆಲ್ಲ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದಕ್ಕೆ ಸರಿಸಿದವು. ಅಜ್ಜನ ಕಾರು ಯಾವ ರೇಸನ್ನೂ ಗೆದ್ದಿಲ್ಲ. ಆದರೆ ಅದರ ಚೈನನ್ನು ಮುಟ್ಟಿದಾಗಲೆಲ್ಲ ಅದೇ ಬುದ್ಧಿಯ ಓಟ ನನಗೆ ಕಾಣುತ್ತದೆ, ಹೆಮ್ಮೆಯೂ ಆಗುತ್ತದೆ. ಆ ಕಾರಿನ ಕ್ಯಾನ್ವಾಸ್ ಸೀಟು ಅಜ್ಜಿ ಹೊಲಿದದ್ದು. ಒಳಬದಿಯ ಹೊಲಿಗೆ ಇಂದಿಗೂ ಬಿಗಿಯಾಗಿದೆ. ಚರಿತ್ರೆಯಲ್ಲಿ ಅವರ ಹೆಸರನ್ನೂ ಕಾರು ಕಟ್ಟಿದವರ ಸಾಲಿನಲ್ಲೇ ಬರೆದಿದ್ದೇನೆ.

ಅಪ್ಪನ ಕಾರಿನ ಷಾಸಿ, ಅಂದರೆ ತಳದ ಚೌಕಟ್ಟು, ಚೌಕ ಪೈಪಿನದು. ನನಗೆ ಅತ್ಯಂತ ಖುಷಿ ಕೊಟ್ಟದ್ದು, ಸ್ಟಿಯರಿಂಗ್ ತಿರುವನ್ನು ಚಕ್ರಗಳಿಗೆ ತಲುಪಿಸುವ ಹಲ್ಲಿನ ಸರಳು, ಅಂದರೆ ಅದರ ಸ್ಟಿಯರಿಂಗ್ ರ‍್ಯಾಕ್ ಕೂತಿರುವ ಲೋಹದ ಪಟ್ಟಿ. ಅದರ ಮೇಲೆ ಒಂದರ ಮೇಲೊಂದರಂತೆ ರಂಧ್ರಗಳ ಸಾಲುಗಳಿವೆ. ಕೆಳಗಿನವನ್ನು ವೆಲ್ಡಿಂಗ್ ತುಂಬಿ ಮುಚ್ಚಲಾಗಿದೆ, ಈಗ ಬೋಲ್ಟಿರುವುದು ಎಲ್ಲಕ್ಕಿಂತ ಮೇಲಿನವಕ್ಕೆ. ಯಾಕೆ ಮೇಲಕ್ಕೇರಿಸುತ್ತ ಹೋದರು ಎಂದು ತಿಳಿಯಲು ಅಳೆದು ನೋಡಿದೆ. ಸ್ಪ್ರಿಂಗ್ ತೆಗೆದು, ಸ್ಟಿಯರಿಂಗ್ ಅಲುಗದಂತೆ ಕಟ್ಟಿ, ಚಕ್ರ ಕೂರುವ ಹಬ್ಬಿಗೆ ಚಪ್ಪಟೆ ತಗಡು ಬೋಲ್ಟ್ ಮಾಡಿ, ಅದರ ಮುಂದಂಚಿಗೂ ಹಿಂದಂಚಿಗೂ ಅತಿ ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಒಂದೊಂದು ಡಯಲ್ ಗೇಜ್ ತಾಗಿಸಿ, ಜಾಕಿನಿಂದ ಚಕ್ರವನ್ನು ಸ್ವಲ್ಪಸ್ವಲ್ಪವೇ ಎತ್ತಿದೆ. ಎರಡು ಗೇಜುಗಳ ವ್ಯತ್ಯಾಸ ಬದಲಾದರೆ, ಚಕ್ರ ಮೇಲೇಳುವಾಗ ತಾನಾಗಿಯೇ ಪಕ್ಕಕ್ಕೆ ತಿರುಗುತ್ತಿದೆ ಎಂದರ್ಥ. ಚಕ್ರವನ್ನು ತಿರುಗಿಸುವ ಟೈ ರಾಡ್ ಮತ್ತು ಚಕ್ರವನ್ನು ಷಾಸಿಗೆ ಹಿಡಿದಿಡುವ ಸಸ್ಪೆನ್ಷನ್ ತೋಳುಗಳು ಒಂದಕ್ಕೊಂದು ಹೊಂದುವ ಕಮಾನಿನಲ್ಲಿ ಚಲಿಸದಿದ್ದಾಗ ಹೀಗಾಗುತ್ತದೆ. ಉಬ್ಬಿನ ಮೇಲೆ ಹೋದಾಗ ಸ್ಟಿಯರಿಂಗ್ ಹಿಡಿದವನು ತಿರುಗಿಸದೆಯೇ ಕಾರು ದಿಕ್ಕು ತಪ್ಪುತ್ತದೆ. ಈಗಿನ ಎತ್ತರದಲ್ಲಿ ಮುಳ್ಳುಗಳ ನಡುವಿನ ಅಂತರ ಹೆಚ್ಚುಕಡಿಮೆ ಸ್ಥಿರ. ಮುಚ್ಚಿದ ರಂಧ್ರಗಳ ಎತ್ತರಕ್ಕೆ ರ‍್ಯಾಕನ್ನು ತಾತ್ಕಾಲಿಕವಾಗಿ ಇಳಿಸಿ ಅಳೆದರೆ ವ್ಯತ್ಯಾಸ ಬೆಳೆಯುತ್ತಲೇ ಹೋಯಿತು. ಡಯಲ್ ಗೇಜ್ ಇಲ್ಲದೆ, ರಸ್ತೆಯಲ್ಲಿ ಓಡಿಸಿ ಓಡಿಸಿಯೇ ಅಪ್ಪ ಅದೇ ಎತ್ತರಕ್ಕೆ ಬಂದು ನಿಂತಿದ್ದರು.

ಈ ಕಾರಿನ ಬಗ್ಗೆ ಅಪ್ಪನನ್ನು ಮೊದಲೇ ಕೇಳಿದ್ದೆ. ‘ಯಾವಾಗ ಕಟ್ಟಿದಿರಿ, ಹೇಗೆ ಕಟ್ಟಿದಿರಿ’ ಎಂದರೆ ಅಪ್ಪ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಆ ಪಟ್ಟಿಯನ್ನೇ ಬಿಚ್ಚಿ ಕೈಗಿಟ್ಟೆ. ಹೆಬ್ಬೆರಳಿನಿಂದ ಮುಚ್ಚಿದ ರಂಧ್ರವನ್ನು ಸವರಿ, “ಇಲ್ಲಿದ್ದಾಗ ಕೈಯಿಂದ ಎಳೆದುಕೊಂಡು ಹೋಗುತ್ತಿತ್ತು ಕಣೋ” ಎಂದು ಶುರು ಮಾಡಿದವರು ಊಟದ ಹೊತ್ತಿನವರೆಗೂ ಹೇಳುತ್ತಲೇ ಇದ್ದರು. ಹಿರಿಯ ಮೆಕ್ಯಾನಿಕ್ಕುಗಳಿಂದ ಚರಿತ್ರೆ ಕೇಳಬೇಕಾದವರು ಬಿಡಿಭಾಗವನ್ನು ಅವರ ಕೈಗೆ ಕೊಟ್ಟು ಕೇಳಬೇಕು.

ನನ್ನ ಕಾರಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅದರ ನಕ್ಷೆಗಳೆಲ್ಲ ಇವೆ. ಇಡೀ ಷಾಸಿಯನ್ನು ಮೊದಲು ಅಲ್ಲಲ್ಲಿ ಚುಕ್ಕಿ ವೆಲ್ಡಿಂಗಿನ ಟಾಕಾ ಹಾಕಿ ನಿಲ್ಲಿಸಿ, ಕರ್ಣಗಳನ್ನು ಅಳೆದು, ಆಮೇಲೆ ಎದುರುಬದುರು ಮೂಲೆಗಳಲ್ಲಿ ಬದಲಿಸುತ್ತ ವೆಲ್ಡ್ ಮಾಡಿದೆ. ಒಂದೇ ಕಡೆ ವೆಲ್ಡ್ ಮಾಡುತ್ತ ಹೋದರೆ ಲೋಹ ಕುಗ್ಗುವಾಗ ಇಡೀ ಚೌಕಟ್ಟು ಸೊಟ್ಟಗಾಗುತ್ತದೆ. ತೆರೆದ ಚೌಕಗಳಿಗೆಲ್ಲ ಕರ್ಣದ ಪೈಪು ಕೊಟ್ಟೆ, ತ್ರಿಕೋನವಾದರೆ ತಿರುಚುವಿಕೆ ತಗ್ಗುತ್ತದೆ.

ಹಳೆಯ ಎರಡು ಕಾರುಗಳನ್ನು ಹೊಸದರಂತೆ ಹೊಳೆಯಿಸಿ ಎಂದು ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. ಅಜ್ಜನ ಉಬ್ಬುತಗ್ಗಿನ ವೆಲ್ಡಿಂಗನ್ನು ಗ್ರೈಂಡ್ ಮಾಡಿ ನಯಗೊಳಿಸಿದರೆ ಅವರ ಕೈಬರಹ ಅಳಿಸಿದಂತೆ. ಹಾಗೆಂದು ಸುರಕ್ಷತೆಯಲ್ಲಿ ಭಾವುಕತೆ ಸಲ್ಲದು. ಸಸ್ಪೆನ್ಷನ್ ತೋಳುಗಳ ಬೆಸುಗೆಗಳಿಗೆ ಬಿರುಕು ತೋರಿಸುವ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ ಪರೀಕ್ಷಿಸಿದೆ. ಬಿರುಕಿದ್ದ ಕಡೆ ಕೆಂಪು ಗೆರೆ ಮೂಡಿತು, ಆ ತೋಳನ್ನು ಹೊಸದಾಗಿ ಮಾಡಿದೆ. ಬ್ರೇಕ್ ಹೋಸು, ಪೆಟ್ರೋಲ್ ಪೈಪುಗಳನ್ನು ಚರ್ಚೆಯಿಲ್ಲದೆ ಬದಲಿಸಿದೆ. ಹೊಸ ತೋಳಿನ ಮೇಲೆ ಇಸವಿಯನ್ನು ಪಂಚ್ ಮಾಡಿದ್ದೇನೆ, ಮುಂದೆ ಓದುವವರು ಅದನ್ನು ಅಜ್ಜನದೆಂದು ತಿಳಿಯಬಾರದು. ತೆಗೆದ ಹಳೆಯ ಭಾಗಗಳಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಯಾವ ಕಾರಿನದು, ಯಾವ ಬದಿಯದು, ಯಾಕೆ ತೆಗೆದೆ, ಈ ಮೂರೂ ಚೀಟಿಯಲ್ಲಿವೆ. ಗ್ಯಾರೇಜಿನ ಹುಡುಗರಿಗೆ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಬಾರದೆಂದು ಹೇಳಿದ್ದೇನೆ.