ಜಾಗ ನಿಮ್ಮದು, ಪೈಪು ಪಕ್ಕದವರ ತೋಟದಲ್ಲಿ: ತಕರಾರು ಬಂದರೆ ಏನು ಮಾಡಬೇಕು?

ಶಿರಸಿ ಹತ್ತಿರ ಹತ್ತು ಗುಂಟೆ ಜಾಗ, ಅದರಲ್ಲೊಂದು ಹಳೇ ಮನೆ ಕೊಂಡಾಗ ನೀರಿನ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಅಡುಗೆಮನೆ ಹಿಂದಿನ ತೊಟ್ಟಿಗೆ ಅಬ್ಬಿ ನೀರು, ಅಂದರೆ ಮೇಲಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು, ಹಗಲೂ ರಾತ್ರಿ ಬೀಳುತ್ತಿತ್ತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಸದ್ದು ನಿಂತಿತ್ತು. ಪೈಪಿನ ಜಾಡು ಹಿಡಿದು ಮೇಲೆ ಹತ್ತಿದೆ. ಪಕ್ಕದವರ ಅಡಿಕೆ ತೋಟದ ಅಗಳದ (ಗಡಿ ಕಂದಕದ) ಹತ್ತಿರ ಕಪ್ಪು ಪೈಪನ್ನು ಕತ್ತಿಯಿಂದ ಕಡಿದು, ತುದಿಯನ್ನು ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ತೋಟದ ಯಜಮಾನರು ಅಲ್ಲೇ ನಿಂತಿದ್ದರು. "ತಮ್ಮಾ, ಆ ನೀರು ಹಳೇ ಮನೆಯವ್ರಿಗೆ ನಾನು ಕೊಟ್ಟಿದ್ದು. ಅವ್ರು ನಿಮಗೆ ಅದನ್ನ ಹೇಗೆ ಮಾರ್ತಾರೆ?" ಅಂದರು.

ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ನ್ಯಾಯ ಇತ್ತು ಅಂತ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಜಾಗ ಕೊಂಡವರಿಗೆ ನೀರು, ಕರೆಂಟು, ದಾರಿಯ ತಕರಾರು ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಹಳೇ ಮಾಲೀಕರಿಗೆ ಇದ್ದದ್ದು ಹಕ್ಕೋ, ಬರೀ ಒಪ್ಪಿಗೆಯೋ?

ಹಕ್ಕೋ, ಒಪ್ಪಿಗೆಯೋ?

ಇದಕ್ಕೆ ಆಧಾರ 1882ರ ಈಸ್‌ಮೆಂಟ್ ಕಾಯ್ದೆ. ಬೇರೆಯವರ ಜಾಗದ ಮೂಲಕ ದಾರಿ, ನೀರು ಪಡೆಯುವ ಹಕ್ಕು ಇದ್ದರೆ, ಜಾಗ ಮಾರಿದಾಗ ಅದೂ ಜಾಗದ ಜೊತೆ ಕೊಂಡವರಿಗೆ ಬರುತ್ತದೆ. ಬರೀ ಒಪ್ಪಿಗೆ ಹಾಗಲ್ಲ. ಅದು ಕೊಟ್ಟವರ ಮತ್ತು ಪಡೆದವರ ನಡುವಿನ ಮಾತು. ನೀವು ಅದನ್ನು ಹೊಸದಾಗಿ ಕೇಳಬೇಕು.

ಹಕ್ಕು ಸಾಮಾನ್ಯವಾಗಿ ಮೂರು ದಾರಿಯಲ್ಲಿ ಹುಟ್ಟುತ್ತದೆ. ಒಂದು, ಕಾಗದದಲ್ಲಿ ಬರೆದುಕೊಟ್ಟದ್ದು. ಇನ್ನೊಂದು, ಒಂದೇ ಜಾಗ ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಿ ಅಥವಾ ತುಂಡು ಮಾರಾಟವಾಗಿ, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದಂತೆ ಆದದ್ದು. ನಮ್ಮ ಜಿಲ್ಲೆಯಲ್ಲಿ ಇದು ಜಾಸ್ತಿ. ಮೂರನೆಯದು, 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ಯಾರನ್ನೂ ಕೇಳದೆ ತನ್ನದೇ ಹಕ್ಕೆಂಬಂತೆ ಬಳಸಿದ್ದು. ಸರ್ಕಾರಿ ಜಾಗವಾದರೆ 30 ವರ್ಷ. 'ಕೇಳದೆ' ಅನ್ನುವುದು ಇಲ್ಲಿ ಮುಖ್ಯ. ಕೇಳಿ ಪಡೆದದ್ದಾದರೆ ಐವತ್ತು ವರ್ಷ ಬಳಸಿದರೂ ಅದು ಹಕ್ಕಾಗುವುದಿಲ್ಲ.

ನಮ್ಮ ಪೈಪು ಹಾಕಿ ಹನ್ನೆರಡು ವರ್ಷ ಆಗಿತ್ತು, ಅದೂ ಕೇಳಿಯೇ ಹಾಕಿದ್ದು. ಅಂದರೆ ನಮಗೆ ಹಕ್ಕಿರಲಿಲ್ಲ.

ಕಾಗದ ತೆಗೆಯಿರಿ, ಹಳೆಯದನ್ನೂ ತೆಗೆಯಿರಿ

ನಿಮ್ಮ ಖರೀದಿ ಪತ್ರ ಒಂದೇ ಸಾಲದು. ಅದರ ಹಿಂದಿನ ಖರೀದಿ ಪತ್ರ, ಅದಕ್ಕೂ ಹಿಂದಿನ ವಾಟ್ನಿ ಪತ್ರ (ಪಾಲು ಪತ್ರ) ಬೇಕು. ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದರೆ ಹಿಂದೆ ನೋಂದಣಿಯಾದ ಪತ್ರಗಳ ನಂಬರ್ ಸಿಗುತ್ತದೆ. ಆ ನಂಬರ್ ಕೊಟ್ಟು ನಕಲು ಪಡೆಯಬಹುದು. ಚಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಯ) ಸಾಲುಗಳನ್ನು ನಿಧಾನಕ್ಕೆ ಓದಿ. 'ಪೂರ್ವಕ್ಕೆ ಓಡಾಡುವ ದಾರಿ', 'ಬಾವಿಯಲ್ಲಿ ಅರ್ಧ ಹಿಸ್ಸೆ' ಎಂಬ ಮಾತುಗಳು ವಾಟ್ನಿ ಪತ್ರದ ಕೊನೆಯಲ್ಲಿ ಅಡಗಿ ಕೂತಿರುತ್ತವೆ. ಕುಮಟಾ, ಅಂಕೋಲಾ ಕಡೆ ಹೊಳೆಯಂಚಿನ ಊರುಗಳಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವುದು ಹೊಸದಲ್ಲ. ಅಲ್ಲಿ ಒಳಗಿನ ಸಿಹಿನೀರಿನ ಬಾವಿಯ ಆ ಅರ್ಧ ಹಿಸ್ಸೆ ಜಾಗದಷ್ಟೇ ಬೆಲೆ ಬಾಳುತ್ತದೆ.

ಪಹಣಿಯ 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ ಬರೆದಿರುತ್ತಾರೆ, ಅದನ್ನೂ ನೋಡಿ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿ. 'ಬ' ಖರಾಬಿನಲ್ಲಿ ದಾರಿಯೋ ಹಳ್ಳವೋ ಇದ್ದರೆ ಅದು ಸಾರ್ವಜನಿಕ. ಪಕ್ಕದವರು ಅದಕ್ಕೆ ಪಾಗಾರ (ಕಾಂಪೌಂಡ್ ಗೋಡೆ) ಕಟ್ಟುವ ಹಾಗಿಲ್ಲ, ನೀವೂ ಕಟ್ಟುವ ಹಾಗಿಲ್ಲ. ಗ್ರಾಮ ನಕಾಶೆಯಲ್ಲಿ ಗಾಡಿದಾರಿ, ಕಾಲುದಾರಿಗಳನ್ನು ತುಂಡು ಗೆರೆಗಳಿಂದ ತೋರಿಸಿರುತ್ತಾರೆ. ಒಂದು ಎಚ್ಚರಿಕೆ: ಕಾಲುದಾರಿಯ ಹಕ್ಕಿದ್ದರೆ ಕಾರು ಒಯ್ಯುವ ಹಕ್ಕು ತಾನಾಗಿ ಬರುವುದಿಲ್ಲ. ಕಾಯ್ದೆಯೇ ಹಾಗೆ ಹೇಳುತ್ತದೆ. ಹೊರಗಿನಿಂದ ಬಂದು ಮನೆ ಕಟ್ಟುವವರು ಎಡವುವುದು ಇಲ್ಲೇ.

ಗಡಿಯ ಬಗ್ಗೆಯೇ ಗೊಂದಲ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ. ಪೈಪು ಇರುವುದು ನಿಮ್ಮ ಜಾಗದಲ್ಲೇ ಅಂತ ತಿಳಿದು ಜಗಳ ಅಲ್ಲಿಗೇ ಮುಗಿಯಲೂಬಹುದು.

ಮಾತಾಡುವುದು ಹೇಗೆ

ಈ ಹಂತಕ್ಕೆ ಜನ ಕೊಡುವ ಸಮಯ ತೀರಾ ಕಡಿಮೆ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಡಬೇಕು.

ಕೊನೆಕೊಯ್ಲಿನ ಸಮಯದಲ್ಲಿ ಹೋಗಬೇಡಿ. ಮನೆಮಂದಿಯೆಲ್ಲ ಅಡಿಕೆ ಸುಲಿಯುತ್ತಾ ಕೂತಾಗ ಯಾರಿಗೂ ನಿಮ್ಮ ಪೈಪಿನ ಚಿಂತೆ ಬೇಡ. ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ಕೂತು ಕವಳ (ಎಲೆಯಡಿಕೆ) ಹಾಕಿ, ಮಳೆ ಬೆಳೆ ವಿಚಾರಿಸಿ, ಆಮೇಲೆ ಅವರ ಅಡಚಣೆ ಏನು ಅಂತ ಕೇಳಿ. ನಾನು ಎರಡನೇ ಸಲ ಹಾಗೆ ಹೋದಾಗ ಗೊತ್ತಾದದ್ದು ಇಷ್ಟು. ನಮ್ಮ ಪೈಪು ಒಡೆದಾಗಲೆಲ್ಲ ನೀರು ಅವರ ತೋಟದ ಕಾಲುವೆಗೆ ನುಗ್ಗುತ್ತಿತ್ತು. ಸರಿಮಾಡಲು ಬಂದವರು ಅಡಿಕೆ ಸಸಿ ತುಳಿದು ಹೋಗುತ್ತಿದ್ದರು. ಹೇಳಿದರೆ ಕೇಳುವವರಿಲ್ಲ. ಅವರಿಗೆ ನೀರು ಕೊಡುವುದರಲ್ಲಿ ಬೇಜಾರಿರಲಿಲ್ಲ.

ಹೋಗುವಾಗ ಕೈಯಲ್ಲಿ ಒಂದು ದಾರಿ ಇರಲಿ. ಪೈಪನ್ನು ತೋಟದ ನಡುವಿನಿಂದ ತೆಗೆದು ಗಡಿಯ ಅಗಳದ ಪಕ್ಕಕ್ಕೆ ಒಯ್ಯುತ್ತೇವೆ, ಗುದ್ದಲಿ ತಾಗದಷ್ಟು ಆಳಕ್ಕೆ ಹೂಳುತ್ತೇವೆ, ಖರ್ಚು ನಮ್ಮದು, ಸಸಿ ಹಾಳಾದರೆ ಹಣ ಕೊಡುತ್ತೇವೆ, ನಿಮ್ಮ ತೋಟಕ್ಕೂ ಒಂದು ವಾಲ್ವ್ ಇಡುತ್ತೇವೆ. ಹೀಗೆ ಬಿಡಿಸಿ ಹೇಳಿದರೆ ಎದುರಿನವರಿಗೆ ಒಪ್ಪಲು ಏನಾದರೂ ಸಿಗುತ್ತದೆ.

ನೀರಿನ ಮೂಲ ಸೊಪ್ಪಿನ ಬೆಟ್ಟದಲ್ಲಿದ್ದರೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿದ್ದರೆ) ಇನ್ನೊಂದು ವಿಷಯ ಇದೆ. ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕಿನ (ಒಣ ಎಲೆಯ) ಸೌಲಭ್ಯ. ಜಾಗ ಅವರದ್ದಲ್ಲ. ಹಾಗಾಗಿ ಅಲ್ಲಿ ಅಗೆಯಲು ಅವರು ಬರೆದುಕೊಟ್ಟರೂ ಸಾಲದು, ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಒಪ್ಪಿದ ದಿನವೇ ಬರೆಯಿರಿ

"ನಮ್ಮ ನಮ್ಮೊಳಗೆ ಕಾಗದ ಯಾಕೆ" ಅನ್ನುವ ಮಾತು ಬರುತ್ತದೆ. ಕಾಗದ ಬೇಕು, ನಿಮ್ಮ ಮಕ್ಕಳಿಗಾಗಿ ಮತ್ತು ಅವರ ಮಕ್ಕಳಿಗಾಗಿ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟಿಸುವ ಪತ್ರ ನೋಂದಣಿಯಾಗಬೇಕು. ಸುಮ್ನೆ ಛಾಪಾ ಕಾಗದದ ಮೇಲೆ ಸಹಿ ಮಾಡಿ ಪೆಟ್ಟಿಗೆಯಲ್ಲಿಟ್ಟರೆ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ.

ಪತ್ರದಲ್ಲಿ ಎರಡೂ ಜಾಗದ ಸರ್ವೆ ನಂಬರ್, ಪೈಪು ಅಥವಾ ದಾರಿ ಹೋಗುವ ಗೆರೆಯ ನಕಾಶೆ, ಅಗಲ, ಆಳ ಇರಲಿ. ದಾರಿಯಾದರೆ ಯಾವ ವಾಹನದವರೆಗೆ, ಬಾವಿಯಾದರೆ ಕೊಡವೋ ಪಂಪೋ, ದಿನಕ್ಕೆ ಎಷ್ಟು ಹೊತ್ತು ಎಂದು ಬಿಡಿಸಿ ಬರೆಯಿರಿ. 'ಮುಂದೆ ಜಾಗ ಕೊಂಡವರಿಗೂ ಅನ್ವಯ' ಎಂಬ ಸಾಲನ್ನು ಮರೆಯಬೇಡಿ. ರಿಪೇರಿಯ ಬಗ್ಗೆ ಕಾಯ್ದೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಪಕ್ಕದವರ ಜಾಗದಲ್ಲಿ ಪೈಪಿನ ಹಕ್ಕಿದ್ದವರು ಒಳಗೆ ಹೋಗಿ ನೆಲ ಅಗೆದು ಸರಿಮಾಡಬಹುದು, ಆದರೆ ನೆಲವನ್ನು ಮೊದಲಿದ್ದ ಹಾಗೆ ಮಾಡಿಕೊಡಬೇಕು. ನಾವು ಅದನ್ನೇ ಪತ್ರದಲ್ಲಿ ಬರೆದೆವು. ಜೊತೆಗೆ, ಹೋಗುವ ಮೊದಲು ಹೇಳಿ ಹೋಗಬೇಕು ಅಂತ ಯಜಮಾನರು ಸೇರಿಸಿದರು. ಅಗೆಯುವ ಕೆಲಸವನ್ನು ಕೊನೆಕೊಯ್ಲು ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು ಮುಗಿಸಿದೆವು.

ಕರೆಂಟಿನ ದಾರಿ ಬೇರೆ

ಕಂಬ, ವೈರಿನ ವಿಷಯದಲ್ಲಿ ನೀವೇ ಪಕ್ಕದವರ ಜೊತೆ ಹೊಡೆದಾಡಬೇಕಿಲ್ಲ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಪ್ರಕಾರ, ಅರ್ಜಿ ಹಾಕಿದ ಮಾಲೀಕರಿಗೆ ಸಂಪರ್ಕ ಕೊಡುವುದು ಕಂಪನಿಯ ಕರ್ತವ್ಯ. ನಮ್ಮ ಜಿಲ್ಲೆಗೆ ಅದು ಹೆಸ್ಕಾಂ. ಖಾಸಗಿ ಜಾಗದ ಮೇಲೆ ಲೈನ್ ಎಳೆಯಲು ಮಾಲೀಕರ ಒಪ್ಪಿಗೆ ಬೇಕು. ಅವರು ಆಕ್ಷೇಪಿಸಿದರೆ 2006ರ ನಿಯಮದಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಸರ್ಕಾರ ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ ಪಡೆದು ಕೆಲಸ ಮಾಡಬಹುದು. ಹಾಗಾಗಿ ಸೆಕ್ಷನ್ ಆಫೀಸಿನಲ್ಲಿ "ಪಕ್ಕದವರ ಒಪ್ಪಿಗೆ ತನ್ನಿ" ಅಂದರೆ ಅರ್ಜಿ ವಾಪಸ್ ತರಬೇಡಿ. ಆಕ್ಷೇಪ ಇದೆ ಎಂದು ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ರಸ್ತೆ ಬದಿಯಿಂದ ಲೈನ್ ತರಲು ಆಗುತ್ತದಾ ಅಂತಲೂ ಕೇಳಿ. ಖರ್ಚು ಸ್ವಲ್ಪ ಹೆಚ್ಚಾದರೂ ಜಗಳ ತಪ್ಪುತ್ತದೆ. ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ.

ಅಲ್ಲಿಯವರೆಗೆ ಇನ್ನೊಬ್ಬ ನೆರೆಯವರ ಮೀಟರಿನಿಂದ ವೈರ್ ಎಳೆದುಕೊಳ್ಳಬೇಡಿ. ಅದು ಅನಧಿಕೃತ ಬಳಕೆ. ಉಪಕಾರ ಮಾಡಿದವರಿಗೇ ದುಪ್ಪಟ್ಟು ದರದ ಬಿಲ್ ಬೀಳುತ್ತದೆ.

ಮಳೆ ನೀರು

ಇಲ್ಲಿ ತಪ್ಪು ಹೆಚ್ಚಾಗಿ ಹೊಸಬರದ್ದೇ. ಮೇಲಿನ ಜಾಗದ ಮಳೆನೀರು ಸಹಜವಾಗಿ ಇಳಿದು ಬಂದರೆ ಕೆಳಗಿನವರು ಹರಿಯಲು ಬಿಡಬೇಕು. ಕರಾವಳಿಯಲ್ಲಿ ಗದ್ದೆ ಪಕ್ಕದ ಸೈಟಿಗೆ ಲಾರಿಗಟ್ಟಲೆ ಕೆಂಪು ಮಣ್ಣು ತುಂಬಿಸಿ, ಸುತ್ತ ಚಿರೇಕಲ್ಲಿನ ಪಾಗಾರ ಕಟ್ಟುತ್ತಾರೆ. ಜೂನ್ ಬಂದಾಗ ಹಿಂದಿನ ಮನೆಯವರ ಅಂಗಳ ಕೆರೆ. ಪಾಗಾರ ಕಟ್ಟುವ ಮೊದಲೇ ನೀರಿಗೆ ತೂಬು ಬಿಡಿ.

ಒಪ್ಪಲೇ ಇಲ್ಲ ಅಂದರೆ

ಸಾರ್ವಜನಿಕ ದಾರಿ ಮುಚ್ಚಿದ್ದರೆ ತಹಶೀಲ್ದಾರರಿಗೆ ನಕಾಶೆ ಸಮೇತ ಅರ್ಜಿ ಕೊಡಿ. ಕುಡಿಯುವ ನೀರಿಗೆ ಪಂಚಾಯ್ತಿಯ ನಳ ಸಂಪರ್ಕ ರಸ್ತೆಯಿಂದಲೇ ಸಿಗುತ್ತದಾ ವಿಚಾರಿಸಿ. ಖಾಸಗಿ ಹಕ್ಕಿನ ತೀರ್ಮಾನ ಪಂಚಾಯ್ತಿ ಸದಸ್ಯರ ಕೈಲೂ ಇಲ್ಲ, ಪೊಲೀಸರ ಕೈಲೂ ಇಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಅದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ದಾವೆ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಮೇಲ್ಮನವಿಯೂ ಇಲ್ಲ.

20 ವರ್ಷದ ಬಳಕೆಯ ಮೇಲೆ ಹಕ್ಕು ಕೇಳುವವರು ಒಂದು ವಿಷಯದಲ್ಲಿ ತಡಮಾಡಬಾರದು. ಆ 20 ವರ್ಷ ದಾವೆ ಹಾಕುವುದಕ್ಕೆ ಮುಂಚಿನ ಎರಡು ವರ್ಷದೊಳಗೆ ಮುಗಿದಿರಬೇಕು. ಪೈಪು ಕಡಿದ ದಿನ, ಬೇಲಿ ಹಾಕಿದ ದಿನ ಫೋಟೊ ತೆಗೆದು ತಾರೀಖು ಬರೆದಿಡಿ. ಊರಿನ ಹಿರಿಯರಲ್ಲಿ ಆ ದಾರಿಯನ್ನು, ಆ ಪೈಪಿಗಿಂತ ಮೊದಲಿದ್ದ ಅಡಿಕೆ ದಂಬೆಯನ್ನು (ಮರ ಸೀಳಿ ಮಾಡಿದ ನೀರಿನ ದೋಣಿಯನ್ನು) ಕಂಡವರು ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ. ಸಾಕ್ಷಿ ಹೇಳಬೇಕಾದವರು ಅವರೇ.