ಅಪರೂಪದ ಹಕ್ಕಿ ಕಂಡರೆ ಮೊದಲು ಹೊಲದವರಿಗೆ ಹೇಳಿ

ಆ ಗೂಬೆಯನ್ನು ನನಗೆ ತೋರಿಸಿದ್ದು ಕುರಿ ಕಾಯುವ ಹುಡುಗ. ಶಹಾಪುರದ ಕಡೆ ಒಂದು ಕಡಲೆ ಹೊಲ, ಅದರ ಮಗ್ಗುಲಿಗೆ ಎರಡು ಎಕರೆ ಬೀಳು. ಡಿಸೆಂಬರ್ ಕೊನೆಯ ರವಿವಾರ ಮುಂಜಾನೆ. "ಅಕ್ಕೋರೆ, ಅಲ್ನೋಡ್ರಿ, ಹುಲ್ಲಾಗ ಗೂಬಿ ಕುಂತದ" ಅಂದ. ನನಗೆ ಕಾಣಲೇ ಇಲ್ಲ. ಒಣಹುಲ್ಲಿನದೇ ಬಣ್ಣ, ಅದೇ ಗೆರೆ. ಕೊನೆಗೆ ಕಂಡದ್ದು ಕಣ್ಣು: ಸುತ್ತ ಕಾಡಿಗೆ ತೀಡಿದಂತೆ ಕಪ್ಪು, ನಡುವೆ ಹಳದಿ. ಗಿಡ್ಡಗಿವಿಯ ಗೂಬೆ, ಇಂಗ್ಲಿಷಿನವರ ಶಾರ್ಟ್-ಈಯರ್ಡ್ ಔಲ್. ಉತ್ತರದ ಚಳಿನಾಡುಗಳಿಂದ ಚಳಿಗಾಲ ಕಳೆಯಲು ಬರುತ್ತದೆ, ಹಗಲು ಮರ ಹತ್ತದೆ ನೆಲದ ಹುಲ್ಲಿನಲ್ಲೇ ಮಲಗುತ್ತದೆ. 14 ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ, ಅದನ್ನು ಕಂಡಿರಲಿಲ್ಲ. ಖುಷಿ ತಡೆಯಲಾಗದೆ ನಿಂತಲ್ಲೇ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಲೊಕೇಶನ್ನೂ ಹಾಕಿದೆ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಹೋದರೆ ಬೀಳಿನ ಬಾಯಿಗೆ ಒಂಬತ್ತು ಗಾಡಿ ನಿಂತಿದ್ದವು. ಗೂಬೆ ಹಾರುವ ಚಿತ್ರ ಬೇಕೆಂದು ಒಬ್ಬರು ಹೆಂಟೆ ಎಸೆದರು. ಎದ್ದ ಗೂಬೆಯನ್ನು ಕಾಗೆಗಳು ಅಟ್ಟಿಸಿಕೊಂಡು ಹೋದವು. ಇಳಿದಲ್ಲಿಗೆ ಮತ್ತೆ ಜನ ನಡೆದರು, ಅದು ಮತ್ತೆ ಎದ್ದಿತು. ಕತ್ತಲಾಗುವವರೆಗೆ ಹೀಗೇ. ಮರುದಿನ ಅದು ಇರಲಿಲ್ಲ. ಹೂ ಬಿಟ್ಟ ಕಡಲೆಯಲ್ಲಿ ಅಡ್ಡಾಡಿದ್ದರಿಂದ 14 ಸಾಲು ನೆಲ ಹಿಡಿದಿದ್ದವು. ಹೊಲದ ಕಾಕಾ ನನ್ನನ್ನು ಬೈಯಲಿಲ್ಲ. ಒಂದು ಗಿಡ ಎತ್ತಿ ನಿಲ್ಲಿಸಲು ನೋಡಿದರು, ಅದು ನಿಲ್ಲಲಿಲ್ಲ. "ನೀವು ಗೂಬಿ ನೋಡ್ಲಿಕ್ಕ ಬಂದೀರಿ, ಖರೇ ಅದ. ನಾವು ಇದನ್ನ ನಂಬೀವ್ರಿ ಅಕ್ಕೋರೆ" ಅಂದರು.

ಆ ಲೊಕೇಶನ್ ಕಳಿಸಿದವಳು ನಾನು. ಅಂದಿನಿಂದ ಪಾಲಿಸುತ್ತಿರುವ ಕ್ರಮವನ್ನು ಬರೆಯುತ್ತಿದ್ದೇನೆ.

ಹಕ್ಕಿ ಕಂಡ ತಕ್ಷಣ ಫೋನ್ ಕಿಸೆಯಲ್ಲಿಡಿ. ದೂರದಿಂದಲೇ ಒಂದೆರಡು ಚಿತ್ರ ತೆಗೆಯಿರಿ. ದಾಖಲೆಗೆ ಮಸುಕು ಚಿತ್ರ ಸಾಕು. ರೆಕ್ಕೆಯ ಪಟ್ಟೆ, ಕೊಕ್ಕಿನ ಆಕಾರ, ಕಾಲಿನ ಬಣ್ಣ ತಿಳಿದರೆ ಜಾತಿ ತಿಳಿಯುತ್ತದೆ. ತಾರೀಖು, ಹೊತ್ತು, ಹಕ್ಕಿ ಏನು ಮಾಡುತ್ತಿತ್ತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಆಮೇಲೆ ಹೊಲ ಯಾರದೆಂದು ವಿಚಾರಿಸಿ, ಅವರ ಹತ್ತಿರ ಹೋಗಿ. ಸುದ್ದಿ ಮೊದಲು ಅವರಿಗೆ ಮುಟ್ಟಬೇಕು, ಗೆಳೆಯರಿಗೆ ಆಮೇಲೆ.

ಹೋದಾಗ ಬೈನಾಕ್ಯುಲರ್ ಅವರ ಕೈಗೇ ಕೊಡಿ. ಇದು ಎಲ್ಲಿಂದ ಬಂದಿದೆ, ಏನು ತಿನ್ನುತ್ತದೆ, ಎಷ್ಟು ದಿನ ಇರಬಹುದು ಎಂದು ಹೇಳಿ. ಗೂಬೆ ಇಲಿ ಹಿಡಿಯುತ್ತದೆ ಅನ್ನುವುದು ನಮ್ಮ ಕಡೆಯ ರೈತರಿಗೆ ದೊಡ್ಡ ಮಾತು. ಬೆಳೆಯಲ್ಲಿ ಇಲಿ ಮಾಡುವ ಹಾಳು ಅವರಿಗೇ ಗೊತ್ತು. ಎಲ್ಲಿಯವರೆಗೆ ಬರಬಹುದು, ಯಾವ ಒಡ್ಡಿನ ಮೇಲೆ ನಿಲ್ಲಬಹುದು ಎಂದು ಅವರನ್ನೇ ಕೇಳಿ, ಅಷ್ಟಕ್ಕೇ ನಿಲ್ಲಿ. ಬೀಳಿನ ಹುಲ್ಲಿಗೆ ಬೆಂಕಿ ಹಾಕುವ ವಿಚಾರವಿದ್ದರೆ ಕೆಲವು ದಿನ ತಡೆಯಲು ಬೇಡಿಕೊಳ್ಳಿ. ನಾನು ಕೇಳಿದ ಮೂವರಲ್ಲಿ ಇಬ್ಬರು ತಡೆದಿದ್ದಾರೆ. ಬೇಡ ಅಂದರೆ ಕೈಮುಗಿದು ಹೊರಗೆ ಬನ್ನಿ. ದುಡ್ಡು ಕೊಟ್ಟು ಒಪ್ಪಿಸಲು ಹೋಗಬೇಡಿ. ಹಿಂದಿನಿಂದ ಬಂದವರೂ ದುಡ್ಡು ತೋರಿಸುತ್ತಾರೆ, ನಡುವೆ ಹಕ್ಕಿ ಸಿಕ್ಕಿಬೀಳುತ್ತದೆ.

ಹತ್ತಿರ ಹೋಗುವುದು ಎಷ್ಟು ಎಂದು ಎಲ್ಲರೂ ಮೀಟರ್ ಕೇಳುತ್ತಾರೆ. ನಾನು ಹಕ್ಕಿಯ ಕತ್ತು ನೋಡಿ ಅನ್ನುತ್ತೇನೆ. ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಮೇಲೆ ಇದನ್ನು ಕಲಿಯಬಹುದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು ಅವು. ಮೇಯುವಾಗ ತಲೆ ಕೆಳಗಿರುತ್ತದೆ. ಒಂದು ಬಾತು ಕತ್ತು ನೆಟ್ಟಗೆ ಮಾಡಿದರೆ ನೀವು ಕಂಡಿದ್ದೀರಿ ಎಂದರ್ಥ. ನಾಲ್ಕೈದು ಕತ್ತು ಒಟ್ಟಿಗೆ ಮೇಲೆದ್ದವೋ, ನೀವು ಹೆಚ್ಚೇ ಬಂದಿದ್ದೀರಿ. ನಿಲ್ಲಿ, ಕೂತುಕೊಳ್ಳಿ, ಹಿಂದೆ ಸರಿಯಿರಿ. ತಲೆಗಳು ಮತ್ತೆ ಹುಲ್ಲಿಗೆ ಇಳಿಯುವವರೆಗೆ ಕ್ಯಾಮೆರಾ ಎತ್ತಬೇಡಿ. ಗೂಬೆ ಹೆದರಿದಾಗ ಮೈ ಸಣ್ಣ ಮಾಡಿಕೊಳ್ಳುತ್ತದೆ, ಕಣ್ಣು ಪೂರ್ತಿ ತೆರೆಯುತ್ತದೆ. ಅಂಥ ಚಿತ್ರಕ್ಕೆ ಲೈಕು ಜಾಸ್ತಿ ಬೀಳುತ್ತವೆ, ಆದರೆ ಅದು ಅಂಜಿದ ಹಕ್ಕಿಯ ಚಿತ್ರ.

ನೇರ ಹಕ್ಕಿಯ ಕಡೆಗೆ ನಡೆಯಬೇಡಿ, ಓರೆಯಾಗಿ ಹೋಗಿ. ಗಾಡಿಯಲ್ಲಿದ್ದರೆ ಇಂಜಿನ್ ಬಂದ್ ಮಾಡಿ ಒಳಗೇ ಕೂತಿರಿ. ಬಯಲಿನ ಹಕ್ಕಿಗಳು ಗಾಡಿಗಿಂತ ಇಳಿದ ಮನುಷ್ಯನಿಗೆ ಹೆಚ್ಚು ಅಂಜುತ್ತವೆ. ಹತ್ತು ಜನ ಬಂದಿದ್ದರೆ ಎಲ್ಲರೂ ಒಂದೇ ಮಗ್ಗುಲಿಗೆ ನಿಲ್ಲಬೇಕು, ಹಕ್ಕಿಗೆ ಹೋಗಲು ಮೂರು ದಿಕ್ಕು ತೆರೆದಿರಬೇಕು. ಮುಂದೆ ನಿಂತವರು ಐದು ನಿಮಿಷ ತೆಗೆದು ಹಿಂದಕ್ಕೆ ಬರಲಿ. ದೊಡ್ಡ ಲೆನ್ಸಿನವರಿಗೆ ಮುಂದಿನ ಜಾಗ ಬೇಕಿಲ್ಲ, ಬರೀ ಬೈನಾಕ್ಯುಲರ್ ಹಿಡಿದ ಕಾಲೇಜು ಹುಡುಗಿಗೆ ಬೇಕು. ಊರಿನ ಮಕ್ಕಳು ಬಂದರೆ ಗದರಿಸಬೇಡಿ, ಒಬ್ಬೊಬ್ಬರಿಗೆ ತೋರಿಸಿ. ನಾಳೆ ನೀವು ಹೋದ ಮೇಲೆ ಅಲ್ಲಿ ಇರುವವರು ಅವರೇ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಇಲಿ ಕಟ್ಟಿ ಆಸೆ ತೋರಿಸುವುದು, ಕತ್ತಲಲ್ಲಿ ಫ್ಲ್ಯಾಶ್, ಡ್ರೋನ್, ಯಾವುದೂ ಬೇಡ. ಸಂಜೆಯ ಬಗ್ಗೆ ಮಾತ್ರ ಇನ್ನೊಂದು ಮಾತು. ಸೆಳೆವ, ನಾವು ಹ್ಯಾರಿಯರ್ ಅನ್ನುವ ಬೇಟೆಹಕ್ಕಿ, ಹುಲ್ಲುಗಾವಲಿನ ನೆಲದ ಮೇಲೆ ಗುಂಪಾಗಿ ರಾತ್ರಿ ತಂಗುತ್ತದೆ. ಅವು ಇಳಿಯುವ ಹೊತ್ತಿಗೆ ಹುಲ್ಲಿನೊಳಗೆ ಹೆಜ್ಜೆ ಇಟ್ಟರೆ ಕತ್ತಲಲ್ಲಿ ಎಬ್ಬಿಸಿದಂತಾಯಿತು. ಹೊತ್ತು ಮುಳುಗುವ ಮುಂಚೆಯೇ ರಸ್ತೆಯ ಅಂಚಿಗೆ ಬಂದು ಕೂತುಕೊಳ್ಳಿ, ಅವು ಬಂದು ಇಳಿಯುವುದನ್ನು ಅಲ್ಲಿಂದಲೇ ನೋಡಿ.

ಗೂಡು ಕಂಡರೆ ನಾನು ಗುಂಪಿಗೆ ಹೇಳುವುದೇ ಇಲ್ಲ. ನಮ್ಮ ಶಹಾಪುರ, ಸುರಪುರದ ಬಂಡೆಗುಡ್ಡಗಳ ಚಾಚುಗಳಲ್ಲಿ ಕೊಂಬಿನ ಗೂಬೆ ಮರಿ ಮಾಡುತ್ತದೆ. ಮಾಟ-ಮಂತ್ರದ ಹೆಸರಿನಲ್ಲಿ, ಅದರಲ್ಲೂ ದೀಪಾವಳಿ ಸುತ್ತಮುತ್ತ ಗೂಬೆಗಳನ್ನು ಹಿಡಿದು ಮಾರುವವರಿದ್ದಾರೆ. ನೀವು ಹಾಕಿದ ಲೊಕೇಶನ್ ಪಿನ್ ಅವರಿಗೂ ತೆರೆಯುತ್ತದೆ. ಚಿತ್ರ ಚೆಂದ ಬರಲಿ ಎಂದು ಗೂಡಿನ ಮುಂದಿನ ಟೊಂಗೆ ಸರಿಸಿದರೆ ಮರಿಗೆ ಬಿಸಿಲು ಹೊಡೆಯುತ್ತದೆ, ಕಾಗೆಗೆ ದಾರಿ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಚಿಂಚೋಳಿಯಂಥ ವನ್ಯಧಾಮದೊಳಗೆ ಹೋಗಿ ಫೋಟೊ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನು ಸುದ್ದಿ ಹಂಚುವುದು. ಹಂಚಬಾರದೆಂದು ನಾನು ಹೇಳುವುದಿಲ್ಲ. ನಾನು ಕಲಿತದ್ದೇ ಬೇರೆಯವರು ಹಂಚಿದ್ದರಿಂದ. ಹೊಲದವರು ಒಪ್ಪಿದರೆ, ಜಾಗ ತಾಳುವಂತಿದ್ದರೆ, ನಂಬುವ ಇಬ್ಬರು ಮೂವರಿಗೆ ಫೋನ್ ಮಾಡಿ, ಬೇರೆ ಬೇರೆ ಹೊತ್ತಿಗೆ ಬರಹೇಳಿ. ಫಾರ್ವರ್ಡ್ ಆಗುವ ಮೆಸೇಜ್ ಬೇಡ. ಫೋಟೊ ಹಾಕುವಾಗ 'ಯಾದಗಿರಿ ಜಿಲ್ಲೆ' ಎಂದಷ್ಟೇ ಬರೆಯಿರಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಬಂದ್ ಮಾಡಿ, ಇಲ್ಲವಾದರೆ ಚಿತ್ರದ ಒಳಗೇ ಜಾಗ ಕೂತಿರುತ್ತದೆ. ಹಿನ್ನೆಲೆಯನ್ನೂ ನೋಡಿ: ನನ್ನ ಪರಿಚಯದವರೊಬ್ಬರು ಊರಿನ ಹೆಸರು ಮುಚ್ಚಿಟ್ಟು ಹಾಕಿದ ಚಿತ್ರದಲ್ಲಿ ಗುಡಿಯ ಶಿಖರ, ಅದರ ಪಕ್ಕದ ನೀರಿನ ಟಾಕಿ ಎರಡೂ ಇದ್ದವು, ಸಂಜೆಗೆ ಜನ ಬಂದಿದ್ದರು. ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್ ಕೆಲವು ಸೂಕ್ಷ್ಮ ಜಾತಿಗಳ ಜಾಗವನ್ನು ತಾನೇ ಮುಚ್ಚಿಡುತ್ತದೆ. ಉಳಿದವನ್ನು ನೀವು ಹಕ್ಕಿ ಹೋದ ಮೇಲೆ ಹಾಕಿ, ಅವತ್ತಿನ ತಾರೀಖಿನಲ್ಲೇ ದಾಖಲಾಗುತ್ತದೆ.

ಯಾರಾದರೂ ಹದ್ದು ಮೀರಿದರೆ ಅಲ್ಲೇ ಕೂಗಾಡಬೇಡಿ, ಹಕ್ಕಿಗೆ ಆ ಗದ್ದಲವೂ ಬೇಡ. ಹತ್ತಿರ ಹೋಗಿ "ಅಣ್ಣಾ, ಅದು ಕತ್ತು ಎತ್ತ್ಯಾದ ನೋಡ್ರಿ, ಸ್ವಲ್ಪ ಹಿಂದ ಬರ್ರಿ" ಅನ್ನಿ. ಹೆಚ್ಚಿನವರು ಬರುತ್ತಾರೆ. ಗೊತ್ತಿಲ್ಲದೆ ಮಾಡುವವರೇ ಜಾಸ್ತಿ, ನಾನೂ ಹಾಗೆಯೇ ಮಾಡಿದವಳು. ಬಾರದವರ ಎದುರಿಗೆ ಹೊಲದವರನ್ನು ಕರೆಯಿರಿ. ಅವರ ಮಾತಿಗೆ ಇರುವ ತೂಕ ನಮ್ಮ ಮಾತಿಗಿಲ್ಲ.

ಹಕ್ಕಿ ಹೋಯಿತೆಂದು ಖಾತ್ರಿಯಾದಾಗ ಹೊಲದವರಿಗೆ ತಿಳಿಸಿ. ಅವರು ಹುಲ್ಲಿನ ಕೆಲಸ ತಡೆದಿರುತ್ತಾರೆ. ಕಲಬುರಗಿಯ ಸ್ಟುಡಿಯೋದಲ್ಲಿ ಆ ಗೂಬೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ, ಸಂಕ್ರಾಂತಿ ಮುಂದೆ ಕಾಕಾನ ಮನೆಗೆ ಒಯ್ದಿದ್ದೆ. ಅವರು ಅದನ್ನು ಪಡಸಾಲೆಯ ಗೋಡೆಗೆ, ಬಸವಣ್ಣನ ಫೋಟೊದ ಕೆಳಗೆ ಹಾಕಿದ್ದಾರೆ. ಹೋದ ಚಳಿಗಾಲ ಅವರೇ ಫೋನ್ ಮಾಡಿದರು: "ಅಕ್ಕೋರೆ, ಒಬ್ರೇ ಬರ್ರಿ. ಅದು ಬಂದದ."